ಗುನ್‌ಪೇ ಯೊಕೊಯಿ

ಗುನ್‌ಪೇ ಯೊಕೊಯಿ (ಸೆಪ್ಟೆಂಬರ್ 10, 1941 – ಅಕ್ಟೋಬರ್ 4, 1997) ಜಪಾನಿನ ಪ್ರಸಿದ್ಧ ಆಟಿಕೆ ವಿನ್ಯಾಸಕಾರರು ಹಾಗೂ ವಿಡಿಯೊ ಗೇಮ್ ನಿರ್ಮಾಪಕರು. ಕ್ಯೋಟೊ ನಗರದ ನಿಂಟೆಂಡೊ ಕಂಪನಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದ ಇವರು, ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಅಂಡ್ ವಾಚ್ ಮತ್ತು ಗೇಮ್ ಬಾಯ್ ಯಂತ್ರಗಳ ರೂವಾರಿ ಎಂದು ಹೆಸರಾಗಿದ್ದಾರೆ. ಇಂದು ಬಹುತೇಕ ಎಲ್ಲ ವಿಡಿಯೊ ಗೇಮ್ ನಿಯಂತ್ರಕಗಳಲ್ಲಿ ಕಾಣುವ, ಕೂಡುವ ಚಿಹ್ನೆಯ ಆಕಾರದ ದಿಕ್ಕಿನ ಗುಂಡಿಯೂ ಇವರ ಕೊಡುಗೆಯೇ. ಮಾರಿಯೊ ಎಂಬ ಲೋಕವಿಖ್ಯಾತ ಪಾತ್ರ ಮೊದಲು ಕಾಣಿಸಿಕೊಂಡ ಡಾಂಕಿ ಕಾಂಗ್ ಆಟವು ಇವರ ಮೇಲ್ವಿಚಾರಣೆಯಲ್ಲಿ ಸಿದ್ಧವಾಯಿತು.

ಒಂದು ಅಟ್ಟಣೆಯಿಂದ ಮತ್ತೊಂದಕ್ಕೆ ಜಿಗಿಯುತ್ತ, ಅಡೆತಡೆಗಳನ್ನು ದಾಟುತ್ತ ಮುಂದೆ ಸಾಗುವ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. ಒಂದು ಕಂಪನಿಯ ಗುರುತೇ ಆಗಿಬಿಡುವಂತಹ ಲಾಂಛನ ಪಾತ್ರವನ್ನು ನಾಯಕನನ್ನಾಗಿ ಉಳ್ಳ ಇಂತಹ ಆಟಗಳು 1980 ಮತ್ತು 1990ರ ದಶಕಗಳಲ್ಲಿ ಜಗತ್ತಿನಾದ್ಯಂತ ಜನಪ್ರಿಯವಾದವು. ಹಳೆಯ ಯಂತ್ರಗಳಲ್ಲಿ ಈ ಆಟಗಳನ್ನು ಇಂದಿಗೂ ಆಡುವ, ಅವುಗಳ ಕುರಿತು ಚರ್ಚಿಸುವ ಅಭಿಮಾನಿಗಳ ದೊಡ್ಡ ಬಳಗವಿದೆ. ಸಾಮಾನ್ಯ ಓದುಗರಿಗೆ ಮಾರಿಯೊ ಎಂದೊಡನೆ ನೆನಪಾಗುವುದು ಶಿಗೆರು ಮಿಯಾಮೊಟೊ ಅವರ ಹೆಸರಾದರೂ, ಈ ಬಳಗದಲ್ಲಿ ಯೊಕೊಯಿ ಅವರ ಹೆಸರಿಗೂ ಅಷ್ಟೇ ಗೌರವವಿದೆ.

ಜನನ, ಶಿಕ್ಷಣ ಮತ್ತು ಉದ್ಯೋಗ

ಯೊಕೊಯಿ ಅವರು 1941ರ ಸೆಪ್ಟೆಂಬರ್ 10ರಂದು ಕ್ಯೋಟೊದಲ್ಲಿ ಜನಿಸಿದರು. ಅದೇ ನಗರದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ ಪದವಿ ಪಡೆದರು. 1965ರಲ್ಲಿ ನಿಂಟೆಂಡೊ ಕಂಪನಿಯನ್ನು ಸೇರಿದರು. 1889ರಲ್ಲಿ ಸ್ಥಾಪನೆಯಾದ ಈ ಕಂಪನಿಯು ಆಗ ಮುಖ್ಯವಾಗಿ ಹನಾಫುದಾ ಎಂಬ ಸಾಂಪ್ರದಾಯಿಕ ಜಪಾನಿ ಇಸ್ಪೀಟೆಲೆಗಳನ್ನೂ ಸಾಮಾನ್ಯ ಇಸ್ಪೀಟೆಲೆಗಳನ್ನೂ ತಯಾರಿಸುತ್ತಿತ್ತು. ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿ ಅವರಿಗೆ ವಹಿಸಿದ ಕೆಲಸವಾಗಿತ್ತು.

ಆಟಿಕೆಗಳ ವಿನ್ಯಾಸ

ಯಂತ್ರಗಳ ನಿರ್ವಹಣೆಯಲ್ಲಿ ಬಿಡುವು ಸಾಕಷ್ಟಿತ್ತು. ಆ ಬಿಡುವಿನಲ್ಲಿ ಯೊಕೊಯಿ ಅವರು ಕಾರ್ಖಾನೆಯ ಉಪಕರಣಗಳನ್ನೇ ಬಳಸಿ, ಹಿಡಿಕೆಯನ್ನು ಒತ್ತಿದಾಗ ಕತ್ತರಿಯ ಜಾಲರಿಯಂತೆ ಮುಂದಕ್ಕೆ ಚಾಚಿಕೊಂಡು ವಸ್ತುವನ್ನು ಹಿಡಿಯುವ ಕೃತಕ ಕೈಯೊಂದನ್ನು ತಮ್ಮ ಮನೋರಂಜನೆಗಾಗಿ ಮಾಡಿಕೊಂಡಿದ್ದರು. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಇದು ಬಿದ್ದಿತು. ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ಗದರಿಕೆ ಖಂಡಿತವೆಂದು ಭಾವಿಸಿದ್ದ ಯುವ ಎಂಜಿನಿಯರಿಗೆ, ಅದನ್ನು ಮಾರಾಟದ ವಸ್ತುವನ್ನಾಗಿ ರೂಪಿಸುವಂತೆ ಆದೇಶ ದೊರೆಯಿತು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಹೊರಬಂದ ಈ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಯೊಕೊಯಿ ಅವರು ಯಂತ್ರ ನಿರ್ವಹಣೆಯಿಂದ ಹೊಸ ಆಟಿಕೆಗಳ ವಿನ್ಯಾಸಕ್ಕೆ ವರ್ಗವಾದರು.

ಮುಂದಿನ ವರ್ಷಗಳಲ್ಲಿ ಅವರು ಮನೆಯೊಳಗೆ ಮೃದುವಾದ ಚೆಂಡನ್ನು ಎಸೆಯುವ ಅಲ್ಟ್ರಾ ಮಷೀನ್, ಇಬ್ಬರು ಕೈ ಹಿಡಿದುಕೊಂಡಾಗ ಅವರ ಮೂಲಕ ಹರಿಯುವ ಅಲ್ಪ ವಿದ್ಯುತ್ತನ್ನು ಅಳೆದು ಪ್ರೀತಿಯ ಪ್ರಮಾಣವೆಂದು ತೋರಿಸುವ ಲವ್ ಟೆಸ್ಟರ್ (1969) ಮೊದಲಾದ ಆಟಿಕೆಗಳನ್ನು ರಚಿಸಿದರು. 1970ರಲ್ಲಿ ಬಂದ ಬೆಳಕಿನ ಬಂದೂಕಿನಲ್ಲಿ, ವಿದ್ಯುತ್ ಉತ್ಪಾದನೆಗೆಂದು ಇದ್ದ ಸೌರಕೋಶವನ್ನು ಬೆಳಕು ಬಿದ್ದುದನ್ನು ಗುರುತಿಸುವ ಸಾಧನವಾಗಿ ಬಳಸಲಾಯಿತು. ರೇಡಿಯೊ ನಿಯಂತ್ರಿತ ಕಾರುಗಳು ಬಹಳ ದುಬಾರಿಯಾಗಿದ್ದ ಕಾಲದಲ್ಲಿ, ಎಡಕ್ಕೆ ಮಾತ್ರ ತಿರುಗಬಲ್ಲ ಲೆಫ್ಟಿ ಆರ್‌ಎಕ್ಸ್ ಎಂಬ ಕಾರನ್ನು ರೂಪಿಸಿ ಬೆಲೆಯನ್ನು ಬಹಳಷ್ಟು ತಗ್ಗಿಸಿದರು. ವೃತ್ತಾಕಾರದ ಪಥದಲ್ಲಿ ಓಟದ ಸ್ಪರ್ಧೆ ನಡೆಸಲು ಎಡತಿರುವೊಂದೇ ಸಾಕಾಗುತ್ತಿತ್ತು.

ವಿನ್ಯಾಸದ ತತ್ತ್ವ

ಯೊಕೊಯಿ ಅವರ ವಿನ್ಯಾಸ ತತ್ತ್ವವನ್ನು ಕನ್ನಡದಲ್ಲಿ ಹಣ್ಣಾದ ತಂತ್ರಜ್ಞಾನದ ಅಡ್ಡಯೋಚನೆ ಎಂದು ಸಂಗ್ರಹಿಸಬಹುದು. ಯಾವುದೇ ತಂತ್ರಜ್ಞಾನ ಹೊಸದಾಗಿದ್ದಾಗ ದುಬಾರಿಯಾಗಿರುತ್ತದೆ, ಅದರ ದೋಷಗಳೂ ಪೂರ್ಣವಾಗಿ ತಿಳಿದಿರುವುದಿಲ್ಲ. ಕಾಲ ಕಳೆದಂತೆ ಅದು ಎಲ್ಲೆಡೆ ಬಳಕೆಗೆ ಬಂದು ಅಗ್ಗವಾಗುತ್ತದೆ, ಅದರ ಗುಣಾವಗುಣಗಳು ಸ್ಪಷ್ಟವಾಗುತ್ತವೆ. ಹೀಗೆ ಪಳಗಿದ ತಂತ್ರಜ್ಞಾನವನ್ನು, ಅದು ಹುಟ್ಟಿದ ಉದ್ದೇಶಕ್ಕಿಂತ ಬೇರೆಯಾದ ಕೆಲಸಕ್ಕೆ ಹೊಂದಿಸಿಕೊಳ್ಳುವುದೇ ಆಟಿಕೆ ತಯಾರಕನ ಜಾಣ್ಮೆ ಎಂಬುದು ಅವರ ನಿಲುವು. ಆಟದ ಸಂತೋಷವು ಆಟದ ಕಲ್ಪನೆಯಲ್ಲಿರಬೇಕೇ ಹೊರತು ಯಂತ್ರದ ಬಲದಲ್ಲಲ್ಲ ಎಂದು ಅವರು ನಂಬಿದ್ದರು. ಅವರ ಯಶಸ್ವಿ ಸೃಷ್ಟಿಗಳೆಲ್ಲವೂ ಈ ತತ್ತ್ವಕ್ಕೆ ನಿದರ್ಶನಗಳಾಗಿವೆ.

ಗೇಮ್ ಅಂಡ್ ವಾಚ್

1970ರ ದಶಕದ ಕೊನೆಯಲ್ಲಿ ಜಪಾನಿನ ಶಿಂಕಾನ್ಸೆನ್ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕರೊಬ್ಬರು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತ ಕಾಲ ಕಳೆಯುತ್ತಿದ್ದುದನ್ನು ಯೊಕೊಯಿ ಅವರು ಗಮನಿಸಿದರು. ದೊಡ್ಡವರೂ ಇತರರ ಕಣ್ಣಿಗೆ ಬೀಳದಂತೆ ಅಂಗೈಯಲ್ಲಿ ಹಿಡಿದು ಆಡಬಹುದಾದ ಪುಟ್ಟ ಆಟದ ಕಲ್ಪನೆ ಅವರಲ್ಲಿ ಮೂಡಿತು. ಒಂದು ದಿನ ಅಧ್ಯಕ್ಷರ ಕಾರು ಚಾಲಕರು ರಜೆಯಲ್ಲಿದ್ದ ಕಾರಣ ಯೊಕೊಯಿ ಅವರೇ ಕಾರು ಓಡಿಸಬೇಕಾಯಿತು. ದಾರಿಯಲ್ಲಿ ಅವರು ಈ ಕಲ್ಪನೆಯನ್ನು ಯಮಾವುಚಿ ಅವರಿಗೆ ವಿವರಿಸಿದರು. ಸ್ವಲ್ಪ ದಿನಗಳಲ್ಲೇ ಕ್ಯಾಲ್ಕುಲೇಟರ್ ತಯಾರಿಕೆಯಲ್ಲಿ ಮುಂಚೂಣಿಯಲ್ಲಿದ್ದ ಶಾರ್ಪ್ ಕಂಪನಿಯೊಡನೆ ಮಾತುಕತೆ ಆರಂಭವಾಯಿತು.

1980ರ ಏಪ್ರಿಲ್‌ನಲ್ಲಿ ಗೇಮ್ ಅಂಡ್ ವಾಚ್ ಸರಣಿಯ ಮೊದಲ ಆಟವಾದ ಬಾಲ್ ಬಿಡುಗಡೆಯಾಯಿತು. ಕ್ಯಾಲ್ಕುಲೇಟರಿನಲ್ಲಿ ಬಳಸುತ್ತಿದ್ದ ದ್ರವಸ್ಫಟಿಕ ಪರದೆ ಮತ್ತು ಅಗ್ಗದ ಚಿಪ್‌ಗಳೇ ಇದಕ್ಕೂ ಸಾಕಾದವು. ಆಡದೆ ಇದ್ದಾಗ ಅದು ಗಡಿಯಾರವಾಗಿ ಸಮಯ ತೋರಿಸುತ್ತಿತ್ತು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಈ ಸರಣಿಯಲ್ಲಿ ಹಲವಾರು ಆಟಗಳು ಬಂದು, ಜಗತ್ತಿನಾದ್ಯಂತ 4.3 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ಡಾಂಕಿ ಕಾಂಗ್

ಆ ವೇಳೆಗೆ ನಿಂಟೆಂಡೊ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳ ವ್ಯಾಪಾರಕ್ಕೂ ಇಳಿದಿತ್ತು. ಅಮೆರಿಕಕ್ಕೆ ಕಳುಹಿಸಿದ್ದ ರೇಡಾರ್ ಸ್ಕೋಪ್ ಎಂಬ ಆಟದ ಯಂತ್ರಗಳಲ್ಲಿ ಬಹುಪಾಲು ಮಾರಾಟವಾಗದೆ ಉಳಿದು ಕಂಪನಿ ಸಂಕಷ್ಟಕ್ಕೆ ಸಿಲುಕಿತು. ಆ ಯಂತ್ರಗಳಿಗೇ ಹೊಸ ಆಟವೊಂದನ್ನು ಅಳವಡಿಸಲು ಯಮಾವುಚಿ ನಿರ್ಧರಿಸಿದರು. ಅದುವರೆಗೆ ಪೂರ್ಣ ಪ್ರಮಾಣದ ಆಟವೊಂದನ್ನು ವಿನ್ಯಾಸ ಮಾಡದಿದ್ದ ಯುವ ಕಲಾವಿದ ಶಿಗೆರು ಮಿಯಾಮೊಟೊ ಅವರಿಗೆ ಈ ಹೊಣೆಯನ್ನೂ, ಮೇಲ್ವಿಚಾರಣೆಯನ್ನು ಯೊಕೊಯಿ ಅವರಿಗೂ ವಹಿಸಲಾಯಿತು.

ಮಿಯಾಮೊಟೊ ಅವರ ಮೊದಲ ಯೋಜನೆ ತೀರ ಜಟಿಲವಾಗಿದೆ ಎಂದು ಯೊಕೊಯಿ ಅವರು ಭಾವಿಸಿದ್ದರು. ಏತದಂತೆ ಮೇಲೆ ಕೆಳಗೆ ತೂಗುವ ಹಲಗೆಯಿಂದ ನಾಯಕನನ್ನು ಮೇಲಕ್ಕೆ ಚಿಮ್ಮಿಸಬಹುದೆಂಬ ತಮ್ಮದೇ ಸಲಹೆಯನ್ನೂ ಅವರು ಮುಂದಿಟ್ಟಿದ್ದರು. ಪ್ರೋಗ್ರಾಮ್ ಬರೆಯುವುದು ಕಷ್ಟವಾದ ಕಾರಣ ಅದನ್ನು ಕೈಬಿಡಲಾಯಿತು. ಕೊನೆಗೆ ಉಳಿದದ್ದು ಸರಳವಾದ ಕಥೆ. ಗೊರಿಲ್ಲಾ ಒಂದು ಉರುಳಿಸುವ ಪೀಪಾಯಿಗಳನ್ನು ಜಿಗಿದು ದಾಟುತ್ತ, ಏಣಿಗಳನ್ನೇರಿ ಯುವತಿಯನ್ನು ಬಿಡಿಸಿಕೊಂಡು ಬರುವ ಬಡಗಿ ಇದರ ನಾಯಕ. 1981ರಲ್ಲಿ ಹೊರಬಂದ ಡಾಂಕಿ ಕಾಂಗ್ ಭಾರಿ ಯಶಸ್ಸು ಗಳಿಸಿತು. ಈ ಬಡಗಿಯೇ ಮುಂದೆ ಮಾರಿಯೊ ಎಂದು ಹೆಸರಾಗಿ ನಿಂಟೆಂಡೊದ ಲಾಂಛನವಾದನು.

ದಿಕ್ಕಿನ ಗುಂಡಿ

ಡಾಂಕಿ ಕಾಂಗ್ ಆಟವನ್ನು 1982ರಲ್ಲಿ ಗೇಮ್ ಅಂಡ್ ವಾಚ್ ಸರಣಿಗೆ ಅಳವಡಿಸುವಾಗ ಹೊಸ ತೊಡಕೊಂದು ಎದುರಾಯಿತು. ದೊಡ್ಡ ಯಂತ್ರದಲ್ಲಿ ನಾಯಕನನ್ನು ನಾಲ್ಕೂ ದಿಕ್ಕಿಗೆ ನಡೆಸಲು ಮೇಲಕ್ಕೆ ನಿಂತ ಸನ್ನೆಗೋಲು ಇತ್ತು. ಪುಸ್ತಕದಂತೆ ಮಡಚಿ ಜೇಬಿನಲ್ಲಿಡಬೇಕಾದ ಚಪ್ಪಟೆ ಯಂತ್ರದಲ್ಲಿ ಅಂತಹ ಕೋಲಿಗೆ ಜಾಗವಿರಲಿಲ್ಲ. ನಾಲ್ಕು ಬಿಡಿ ಗುಂಡಿಗಳನ್ನು ಇಟ್ಟರೆ ಕಣ್ಣು ಪರದೆಯ ಮೇಲಿರುವಾಗ ಬೆರಳು ದಾರಿ ತಪ್ಪುತ್ತಿತ್ತು.

ಯೊಕೊಯಿ ಅವರು ನಾಲ್ಕು ದಿಕ್ಕುಗಳನ್ನೂ ಒಂದೇ ತುಂಡಿನಲ್ಲಿ ಸೇರಿಸಿ ಕೂಡುವ ಚಿಹ್ನೆಯ ಆಕಾರದ ಗುಂಡಿಯನ್ನು ರೂಪಿಸಿದರು. ಇದರ ಒಂದು ತೋಳನ್ನು ಒತ್ತಿದರೆ ಎದುರಿನ ತೋಳು ಮೇಲೇಳುತ್ತದೆ. ಆದುದರಿಂದ ಎಡ ಮತ್ತು ಬಲ ಎರಡೂ ಒಟ್ಟಿಗೆ ಒತ್ತಲ್ಪಡುವ ಗೊಂದಲವಿಲ್ಲ. ಗುಂಡಿಯ ನಡುವೆ ನೆಲೆನಿಂತ ಹೆಬ್ಬೆರಳಿಗೆ ನೋಡದೆಯೇ ದಿಕ್ಕು ತಿಳಿಯುತ್ತದೆ. 1983ರಲ್ಲಿ ಮಸಾಯುಕಿ ಉಎಮುರಾ ಅವರ ನೇತೃತ್ವದಲ್ಲಿ ಸಿದ್ಧವಾದ, ಮನೆಯ ಟಿ.ವಿ.ಗೆ ಜೋಡಿಸುವ ಫ್ಯಾಮಿಕಾಂ ಯಂತ್ರದ ನಿಯಂತ್ರಕದಲ್ಲಿಯೂ ಇದೇ ಗುಂಡಿಯನ್ನು ಅಳವಡಿಸಲಾಯಿತು. ಎಡ ಹೆಬ್ಬೆರಳಿನಿಂದ ಓಡುವುದು, ಬಲ ಹೆಬ್ಬೆರಳಿನಿಂದ ಜಿಗಿಯುವುದು ಎಂಬ ಕ್ರಮವು ಪ್ಲಾಟ್‌ಫಾರ್ಮ್ ಆಟಗಳಿಗೆ ಸಹಜವಾದ ಭಾಷೆಯಾಯಿತು.

1990ರ ದಶಕದಲ್ಲಿ ಕರ್ನಾಟಕವೂ ಸೇರಿದಂತೆ ಭಾರತದ ಪಟ್ಟಣಗಳಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ವಿಡಿಯೊ ಗೇಮ್‌ಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಅನೇಕವು ಫ್ಯಾಮಿಕಾಂ ಯಂತ್ರದ ಅನುಕರಣೆಗಳು. ಬೇಸಿಗೆ ರಜೆಯಲ್ಲಿ ಅವುಗಳ ಕ್ಯಾಸೆಟ್ ಹಾಕಿ ಮಾರಿಯೊ ಆಡಿದ ಮಕ್ಕಳ ಹೆಬ್ಬೆರಳಿನ ಕೆಳಗಿದ್ದುದು ಯೊಕೊಯಿ ಅವರ ಕಲ್ಪನೆಯ ಗುಂಡಿಯೇ.

ಮಾರಿಯೊ ಬ್ರದರ್ಸ್

1983ರ ಮಾರಿಯೊ ಬ್ರದರ್ಸ್ ಆಟವನ್ನು ಮಿಯಾಮೊಟೊ ಮತ್ತು ಯೊಕೊಯಿ ಕೂಡಿ ರೂಪಿಸಿದರು. ಇಬ್ಬರು ಏಕಕಾಲಕ್ಕೆ ಆಡಬಹುದಾದ ಈ ಆಟದಲ್ಲಿ ಎರಡನೆಯ ಆಟಗಾರನಿಗೆ ಮಾರಿಯೊವಿನ ಸಹೋದರ ಲುಯಿಜಿಯ ಪಾತ್ರವಿತ್ತು.

ಡಾಂಕಿ ಕಾಂಗ್ ಆಟದಲ್ಲಿ ಮಾರಿಯೊ ಸ್ವಲ್ಪ ಎತ್ತರದಿಂದ ಬಿದ್ದರೂ ಪ್ರಾಣ ಕಳೆದುಕೊಳ್ಳುತ್ತಿದ್ದನು. ಹೊಸ ಆಟದಲ್ಲಿ ಅವನು ಎಷ್ಟೇ ಎತ್ತರದಿಂದ ಬಿದ್ದರೂ ಅಪಾಯವಾಗಬಾರದೆಂದು ಯೊಕೊಯಿ ಅವರು ಸೂಚಿಸಿದರು. ಹಾಗಾದರೆ ಅದು ಆಟವೇ ಆಗದೆಂದು ಮಿಯಾಮೊಟೊ ಮೊದಲಿಗೆ ಸಂದೇಹಪಟ್ಟರೂ ಕ್ರಮೇಣ ಒಪ್ಪಿಕೊಂಡರು. ಈ ಸಣ್ಣ ನಿಯಮದ ಪರಿಣಾಮ ದೊಡ್ಡದು. ಬೀಳುವ ಭಯ ದೂರವಾದ ಮೇಲೆ ಜಿಗಿಯುವುದೇ ಒಂದು ಆನಂದವಾಯಿತು. 1985ರಲ್ಲಿ ಮಿಯಾಮೊಟೊ ಮತ್ತು ತಕಾಶಿ ತೆಝುಕಾ ಅವರು ರಚಿಸಿದ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಯೊಕೊಯಿ ಅವರ ನೇರ ಪಾತ್ರವಿರಲಿಲ್ಲ. ಆದರೆ ಹೊಂಡಕ್ಕೆ ಬೀಳದ ಹೊರತು ಎತ್ತರದಿಂದ ಬಿದ್ದರೂ ನಾಯಕನಿಗೆ ನೋವಾಗದು ಎಂಬ ನಿಯಮ ಅದರಲ್ಲಿಯೂ ಮುಂದುವರಿಯಿತು.

ಮೊದಲ ಸಂಶೋಧನಾ ವಿಭಾಗ

ನಿಂಟೆಂಡೊದ ಮೊದಲ ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗದ ಮುಖ್ಯಸ್ಥರಾಗಿ ಯೊಕೊಯಿ ಅವರು ಅನೇಕ ಕಿರಿಯರನ್ನು ಬೆಳೆಸಿದರು. 1986ರಲ್ಲಿ ಬಂದ ಮೆಟ್ರಾಯ್ಡ್ ಮತ್ತು ಕಿಡ್ ಇಕಾರಸ್ ಆಟಗಳಿಗೆ ಅವರು ನಿರ್ಮಾಪಕರಾಗಿದ್ದರು. ಮೆಟ್ರಾಯ್ಡ್ ಆಟದ ಕವಚಧಾರಿ ವೀರನು ಪುರುಷನಲ್ಲ, ಸಾಮಸ್ ಎಂಬ ಮಹಿಳೆ ಎಂಬುದು ಆಟದ ಕೊನೆಯಲ್ಲಿ ಬಯಲಾಗುತ್ತಿದ್ದುದು ಆಗಿನ ಆಟಗಾರರನ್ನು ಬೆರಗುಗೊಳಿಸಿತು. ಫ್ಯಾಮಿಕಾಂ ಯಂತ್ರದ ಜೊತೆಗೆ ಆಡುವ ರಾಬ್ ಎಂಬ ಆಟಿಕೆ ರೋಬೋಟ್ ಕೂಡ ಅವರ ವಿನ್ಯಾಸ. ವಿಡಿಯೊ ಗೇಮ್ ವ್ಯಾಪಾರ ಕುಸಿದಿದ್ದ ಅಮೆರಿಕದಲ್ಲಿ, ಆಟಿಕೆ ಅಂಗಡಿಗಳು ನಿಂಟೆಂಡೊದ ಯಂತ್ರವನ್ನು ಸ್ವೀಕರಿಸಲು ಈ ರೋಬೋಟ್ ನೆರವಾಯಿತು.

ಗೇಮ್ ಬಾಯ್

1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಗೇಮ್ ಬಾಯ್ ಬಿಡುಗಡೆಯಾಯಿತು. ಗೇಮ್ ಅಂಡ್ ವಾಚ್ ಯಂತ್ರ ಒಂದಕ್ಕೆ ಒಂದೇ ಆಟವಿದ್ದರೆ, ಇದರಲ್ಲಿ ಕ್ಯಾಸೆಟ್ ಬದಲಿಸಿ ಬೇರೆ ಬೇರೆ ಆಟಗಳನ್ನು ಆಡಬಹುದಾಗಿತ್ತು. ಸತೋರು ಒಕಾದಾ ಮೊದಲಾದ ಸಹೋದ್ಯೋಗಿಗಳು ಇದರ ನಿರ್ಮಾಣದಲ್ಲಿ ಮುಖ್ಯ ಪಾತ್ರ ವಹಿಸಿದರು. ಇದರ ಪರದೆ ಬಣ್ಣದ್ದಲ್ಲ. ಹಸಿರು ಛಾಯೆಯ ನಾಲ್ಕು ಹಂತಗಳಲ್ಲಿ ಮಾತ್ರ ಚಿತ್ರ ಮೂಡುತ್ತಿತ್ತು, ಪರದೆಗೆ ಒಳಬೆಳಕೂ ಇರಲಿಲ್ಲ. ಅದೇ ಕಾಲದಲ್ಲಿ ಬಂದ ಅಟಾರಿ ಲಿಂಕ್ಸ್ ಮತ್ತು ಸೆಗಾ ಗೇಮ್ ಗಿಯರ್ ಯಂತ್ರಗಳಿಗೆ ಬಣ್ಣದ ಬೆಳಗುವ ಪರದೆಗಳಿದ್ದವು. ಆದರೆ ಅವು ಆರು ಪೆನ್ಸಿಲ್ ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ಹತ್ತಾರು ಗಂಟೆ ನಡೆಯುತ್ತಿತ್ತು, ಬೆಲೆಯೂ ಕಡಿಮೆಯಾಗಿತ್ತು.

ಬಣ್ಣ ಏಕೆ ಬೇಡ ಎಂಬುದನ್ನು ಯೊಕೊಯಿ ಅವರು ಕಪ್ಪುಹಲಗೆಯ ಉದಾಹರಣೆಯಿಂದ ವಿವರಿಸುತ್ತಿದ್ದರು. ಹಲಗೆಯ ಮೇಲೆ ಎರಡು ವೃತ್ತಗಳನ್ನು ಬರೆದು ಅದು ಹಿಮದ ಗೊಂಬೆ ಎಂದು ಹೇಳಿದರೆ, ನೋಡುವವರ ಮನಸ್ಸಿನಲ್ಲಿ ಬಿಳಿಯ ಬಣ್ಣ ತಾನಾಗಿ ಮೂಡುತ್ತದೆ ಎಂಬುದು ಅವರ ವಾದದ ತಿರುಳು. ಗೇಮ್ ಬಾಯ್ ಮತ್ತು 1998ರಲ್ಲಿ ಬಂದ ಅದರ ಬಣ್ಣದ ರೂಪ ಒಟ್ಟು 11.8 ಕೋಟಿಗೂ ಹೆಚ್ಚು ಮಾರಾಟವಾದವು.

ಗೇಮ್ ಬಾಯ್ ಜೊತೆಯಲ್ಲೇ ಬಿಡುಗಡೆಯಾದ ಸೂಪರ್ ಮಾರಿಯೊ ಲ್ಯಾಂಡ್ ಆಟವನ್ನು ಮಿಯಾಮೊಟೊ ಅವರ ಭಾಗವಹಿಸುವಿಕೆಯಿಲ್ಲದೆ ಯೊಕೊಯಿ ಅವರ ವಿಭಾಗವೇ ತಯಾರಿಸಿತು. ಒಕಾದಾ ನಿರ್ದೇಶಕರಾಗಿದ್ದು, ಹಿರೊಕಾಝು ತನಾಕಾ ಸಂಗೀತ ಸಂಯೋಜಿಸಿದರು. ಮಾರಿಯೊವಿನ ಎದುರಾಳಿಯಾದ ವಾರಿಯೊ ಪಾತ್ರವು 1992ರ ಸೂಪರ್ ಮಾರಿಯೊ ಲ್ಯಾಂಡ್ 2 ಆಟದಲ್ಲಿ ಮೊದಲು ಕಾಣಿಸಿಕೊಂಡಿತು. 1994ರಲ್ಲಿ ವಾರಿಯೊನೇ ನಾಯಕನಾದ ವಾರಿಯೊ ಲ್ಯಾಂಡ್ ಹೊರಬಂದಿತು.

ವರ್ಚುಯಲ್ ಬಾಯ್ ಮತ್ತು ನಿರ್ಗಮನ

1995ರಲ್ಲಿ ಬಂದ ವರ್ಚುಯಲ್ ಬಾಯ್ ಯಂತ್ರ ಯೊಕೊಯಿ ಅವರ ವೃತ್ತಿಜೀವನದ ದೊಡ್ಡ ಸೋಲು. ಮೇಜಿನ ಮೇಲಿಟ್ಟ ಯಂತ್ರಕ್ಕೆ ಮುಖವೊಡ್ಡಿ ನೋಡಿದಾಗ ಚಿತ್ರಗಳು ಆಳವುಳ್ಳವುಗಳಂತೆ ತೋರುತ್ತಿದ್ದವು. ಆದರೆ ಚಿತ್ರಗಳೆಲ್ಲವೂ ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಮಾತ್ರ ಕಾಣುತ್ತಿದ್ದವು. ಕಣ್ಣು ಮತ್ತು ಕುತ್ತಿಗೆ ಬೇಗನೆ ದಣಿಯುತ್ತಿದ್ದವು. ಜೊತೆಗಿರುವವರು ನೋಡಲಾಗದ ಕಾರಣ ಕೂಡಿ ಆಡುವ ಸಂತೋಷವೂ ಇರಲಿಲ್ಲ. ಸುಮಾರು 7.7 ಲಕ್ಷ ಯಂತ್ರಗಳು ಮಾತ್ರ ಮಾರಾಟವಾಗಿ, ಒಂದು ವರ್ಷ ತುಂಬುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಯೊಕೊಯಿ ಅವರು 1996ರ ಆಗಸ್ಟ್‌ನಲ್ಲಿ ನಿಂಟೆಂಡೊವನ್ನು ತೊರೆದಾಗ, ಈ ಸೋಲಿನ ಹೊಣೆ ಹೊತ್ತು ಅವರು ಹೊರಬಿದ್ದರೆಂಬ ಸುದ್ದಿ ಹಬ್ಬಿತು. ಇಂದಿಗೂ ಅನೇಕ ಬರಹಗಳಲ್ಲಿ ಇದೇ ಮಾತು ಕಾಣುತ್ತದೆ. ಆದರೆ ಯೊಕೊಯಿ ಅವರೇ ಇದನ್ನು ಅಲ್ಲಗಳೆದಿದ್ದರು. ಐವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ ತಮಗಿಷ್ಟವಾದ ಕೆಲಸ ಮಾಡಬೇಕೆಂಬ ಯೋಚನೆ ಅವರಿಗೆ ಹಿಂದಿನಿಂದಲೂ ಇತ್ತು. ಸೋಲಿನ ಬೆನ್ನಿಗೇ ಹೊರನಡೆಯದೆ, ಗೇಮ್ ಬಾಯ್ ಯಂತ್ರದ ಚಿಕ್ಕದಾದ, ಹಗುರವಾದ ರೂಪವಾದ ಗೇಮ್ ಬಾಯ್ ಪಾಕೆಟ್ ಅನ್ನು ಪೂರ್ಣಗೊಳಿಸಿ, ಅದು 1996ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಮೇಲೆಯೇ ಅವರು ರಾಜೀನಾಮೆ ನೀಡಿದರು.

ಕೋಟೋ ಸಂಸ್ಥೆ ಮತ್ತು ನಿಧನ

ನಿಂಟೆಂಡೊ ತೊರೆದ ಬಳಿಕ ಯೊಕೊಯಿ ಅವರು ಕ್ಯೋಟೊದಲ್ಲಿ ಕೋಟೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬಂದಾಯ್ ಕಂಪನಿಗಾಗಿ ವಂಡರ್‌ಸ್ವಾನ್ ಎಂಬ ಹೊಸ ಕೈಯಂತ್ರವನ್ನು ರೂಪಿಸುವ ಕೆಲಸದಲ್ಲಿ ತೊಡಗಿದರು. ಆದರೆ ಅದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರು ಪ್ರಯಾಣಿಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಆಗಿರುವ ಹಾನಿಯನ್ನು ನೋಡಲು ಕೆಳಗಿಳಿದಾಗ ಮತ್ತೊಂದು ವಾಹನ ಬಡಿದು ತೀವ್ರವಾಗಿ ಗಾಯಗೊಂಡ ಅವರು ಅಂದೇ ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ಆಗ ಅವರ ವಯಸ್ಸು 56.

ವಂಡರ್‌ಸ್ವಾನ್ 1999ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅಡ್ಡವಾಗಿಯೂ ಉದ್ದವಾಗಿಯೂ ಹಿಡಿದು ಆಡಬಹುದಾದ ಈ ಅಗ್ಗದ ಯಂತ್ರ ಒಂದೇ ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತಿತ್ತು. ಅದರೊಡನೆ ಬಂದ ಒಗಟಿನ ಆಟಕ್ಕೆ ಅವರ ನೆನಪಿಗಾಗಿ ಗುನ್‌ಪೇ ಎಂದೇ ಹೆಸರಿಡಲಾಯಿತು.

ಗೌರವ ಮತ್ತು ಪ್ರಭಾವ

2003ರಲ್ಲಿ ಅಂತರರಾಷ್ಟ್ರೀಯ ಗೇಮ್ ಅಭಿವೃದ್ಧಿಕಾರರ ಸಂಘವು ಯೊಕೊಯಿ ಅವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿ ಗೌರವಿಸಿತು. 2020ರಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಆಟದ 35ನೆಯ ವರ್ಷಾಚರಣೆಗಾಗಿ ನಿಂಟೆಂಡೊ ಕಂಪನಿ ಗೇಮ್ ಅಂಡ್ ವಾಚ್ ರೂಪದ ಪುಟ್ಟ ಯಂತ್ರವನ್ನು ಮತ್ತೆ ಹೊರತಂದಿತು.

ಹಳೆಯ ಜಿಗಿತದ ಆಟಗಳ ಅಭಿಮಾನಿಗಳು ಕೂಡಿದಲ್ಲಿ ಯೊಕೊಯಿ ಅವರ ಕೃತಿಗಳು ಚರ್ಚೆಗೆ ಬರುತ್ತವೆ. ಸೂಪರ್ ಮಾರಿಯೊ ಲ್ಯಾಂಡ್ ಆಟವು ಮಾರಿಯೊ ಪರಂಪರೆಗೆ ಸರಿಯಾಗಿ ಹೊಂದುತ್ತದೆಯೇ ಎಂಬುದು ಅಂತಹ ಒಂದು ಚರ್ಚೆ. ಅದರಲ್ಲಿ ಮಾರಿಯೊ ರಕ್ಷಿಸುವುದು ಪೀಚ್ ರಾಜಕುಮಾರಿಯನ್ನಲ್ಲ, ಡೈಸಿಯನ್ನು. ಅವನು ಎಸೆಯುವುದು ಬೆಂಕಿಯನ್ನಲ್ಲ, ಪುಟಿಯುವ ಚೆಂಡನ್ನು. ತುಳಿದ ಆಮೆಯ ಚಿಪ್ಪು ಜಾರಿಹೋಗುವ ಬದಲು ಸಿಡಿಯುತ್ತದೆ. ಕೆಲವು ಹಂತಗಳಲ್ಲಿ ಅವನು ಜಿಗಿಯುವುದನ್ನು ಬಿಟ್ಟು ಜಲಾಂತರ್ಗಾಮಿಯನ್ನೂ ವಿಮಾನವನ್ನೂ ನಡೆಸುತ್ತಾನೆ. ಇವನ್ನು ದೋಷಗಳೆಂದು ಎಣಿಸುವವರೂ, ಇವುಗಳಿಗಾಗಿಯೇ ಆಟವನ್ನು ಮೆಚ್ಚುವವರೂ ಇದ್ದಾರೆ. ಹಳೆಯ ಗೇಮ್ ಬಾಯ್ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವ, ಒಳಬೆಳಕಿನ ಪರದೆ ಜೋಡಿಸುವ, ಅದಕ್ಕಾಗಿ ಹೊಸ ಆಟಗಳನ್ನು ಬರೆಯುವ ಹವ್ಯಾಸಿಗಳೂ ಇದ್ದಾರೆ. ಅಗ್ಗವಾದ, ಎಲ್ಲರಿಗೂ ಅರ್ಥವಾಗುವ ಬಿಡಿಭಾಗಗಳಿಂದಲೇ ಯಂತ್ರ ಕಟ್ಟಬೇಕೆಂಬ ಯೊಕೊಯಿ ಅವರ ತತ್ತ್ವವು ಈ ದುರಸ್ತಿಯ ಕೆಲಸವನ್ನು ಸುಲಭವಾಗಿಸಿದೆ.

ಪ್ರಮುಖ ಕೃತಿಗಳು

ಅಲ್ಟ್ರಾ ಹ್ಯಾಂಡ್ (1966) – ಆಟಿಕೆ
ಲವ್ ಟೆಸ್ಟರ್ (1969) – ಆಟಿಕೆ
ಗೇಮ್ ಅಂಡ್ ವಾಚ್ (1980) – ಕೈಯಂತ್ರ ಸರಣಿ
ಡಾಂಕಿ ಕಾಂಗ್ (1981) – ಮೇಲ್ವಿಚಾರಣೆ
ಮಾರಿಯೊ ಬ್ರದರ್ಸ್ (1983) – ಸಹವಿನ್ಯಾಸ
ಮೆಟ್ರಾಯ್ಡ್ (1986) – ನಿರ್ಮಾಣ
ಕಿಡ್ ಇಕಾರಸ್ (1986) – ನಿರ್ಮಾಣ
ಗೇಮ್ ಬಾಯ್ (1989) – ಕೈಯಂತ್ರ
ಸೂಪರ್ ಮಾರಿಯೊ ಲ್ಯಾಂಡ್ (1989) – ನಿರ್ಮಾಣ
ಸೂಪರ್ ಮಾರಿಯೊ ಲ್ಯಾಂಡ್ 2 (1992) – ನಿರ್ಮಾಣ
ವರ್ಚುಯಲ್ ಬಾಯ್ (1995) – ಯಂತ್ರ
ಗೇಮ್ ಬಾಯ್ ಪಾಕೆಟ್ (1996) – ಕೈಯಂತ್ರ
ವಂಡರ್‌ಸ್ವಾನ್ (1999, ಮರಣಾನಂತರ ಬಿಡುಗಡೆ) – ಕೈಯಂತ್ರ